ನಾಲ್ಕನೇ ವರ್ಷದ ಪ್ರಶ್ನೆ: ಲೇಸರ್ ಕಲಿಯಲು ಹೊರಟ ನಮ್ಮ ಮಕ್ಕಳಿಗೆ ದಾರಿ ಯಾವುದು?

ಕಳೆದ ತಿಂಗಳು ಬೆಳಗಿನ ಮದ್ರಸ ಬಿಟ್ಟ ಮೇಲೆ ನಮ್ಮ ಮೊಹಲ್ಲಾದ ಒಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಬಳಿ ಬಂದರು. ಹುಡುಗಿ ಏಳನೇ ತರಗತಿಯವರೆಗೆ ನಮ್ಮ ಮದ್ರಸದಲ್ಲೇ ಕಲಿತವಳು. ಈಗ ಬಿಎಸ್ಸಿ ಆರನೇ ಸೆಮಿಸ್ಟರ್‌ನಲ್ಲಿದ್ದಾಳೆ, ಭೌತಶಾಸ್ತ್ರ ಅವಳ ಮುಖ್ಯ ವಿಷಯ. ಅಂಕಗಳು ಚೆನ್ನಾಗಿವೆ.

‘ಉಸ್ತಾದರೇ, ಇವಳು ಇನ್ನೂ ಒಂದು ವರ್ಷ ಕಲಿಯಬೇಕು ಅಂತಾಳೆ. ಡಿಗ್ರಿ ಮೂರು ವರ್ಷಕ್ಕೆ ಮುಗೀತದಲ್ಲ, ಮತ್ತೆಂತ ನಾಲ್ಕನೇದು? ಅದೂ ಲೇಸರ್ ಅಂತೆ. ಲೇಸರ್ ಕಲಿತರೆ ಯಾರು ಕೆಲಸ ಕೊಡ್ತಾರೆ? ಮದುವೆಗೆ ಎರಡು ಕಡೆಯಿಂದ ಕೇಳಿದ್ದಾರೆ’ ಎಂದರು ಆ ತಂದೆ.

ಹುಡುಗಿ ಒಂದೇ ಮಾತು ಹೇಳಿದಳು. ‘ಉಸ್ತಾದ್, ನಮ್ಮದೇ ಕೊನೆಯ ಬ್ಯಾಚ್. ನಮ್ಮ ನಂತರ ಈ ನಾಲ್ಕನೇ ವರ್ಷವೇ ಇಲ್ಲ.’

ನಾವು ಕಲಿತದ್ದು ದೀನೀ ಶಿಕ್ಷಣ, ಜೊತೆಗೆ ಪಿಯುಸಿ. ಲೇಸರ್ ಬಗ್ಗೆ ತಕ್ಷಣ ಉತ್ತರ ಕೊಡುವಷ್ಟು ತಿಳಿವಳಿಕೆ ನಮ್ಮಲ್ಲಿರಲಿಲ್ಲ. ಒಂದು ವಾರ ಸಮಯ ಕೊಡಿ ಎಂದು ಹೇಳಿ ಕಳಿಸಿದೆವು. ಪರಿಚಯದ ಉಪನ್ಯಾಸಕರಲ್ಲಿ ಕೇಳಿದೆವು, ಆದೇಶಗಳನ್ನು ತರಿಸಿ ಓದಿದೆವು. ಇದು ಒಂದು ಮನೆಯ ಪ್ರಶ್ನೆಯಲ್ಲ, ಈ ವರ್ಷ ಹಲವು ಮನೆಗಳಲ್ಲಿ ಇದೇ ಮಾತು ನಡೆಯುತ್ತಿದೆ ಎಂದು ಆಗ ಗೊತ್ತಾಯಿತು. ಅದಕ್ಕಾಗಿ ಈ ಬರಹ.

ಗೊಂದಲ ಎಲ್ಲಿಂದ ಶುರುವಾಯಿತು?

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಲ್ಲಿ ಮೊದಲು ಜಾರಿಗೆ ತಂದದ್ದೇ ಕರ್ನಾಟಕ, 2021-22ರಲ್ಲಿ. ಮೂರು ವರ್ಷ ಮುಗಿಸಿದರೆ ಪದವಿ, ನಾಲ್ಕನೇ ವರ್ಷವನ್ನೂ ಓದಿದರೆ ಆನರ್ಸ್ ಪದವಿ. ಆ ನಾಲ್ಕನೇ ವರ್ಷವನ್ನು ಸಂಶೋಧನೆಯ ಜೊತೆ ಮಾಡಿದರೆ ‘ಆನರ್ಸ್ ವಿತ್ ರಿಸರ್ಚ್’. ಯುಜಿಸಿಯ 2022ರ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಇದ್ದವರಿಗೆ ಮಾತ್ರ ಸಂಶೋಧನೆಯ ದಾರಿ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಉಳಿಸಿಕೊಂಡವರು ಎಂಎಸ್ಸಿ ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ನೆಟ್ ಪರೀಕ್ಷೆಯನ್ನೂ ಬರೆಯಬಹುದು.

ಆಮೇಲೆ ಸರಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟಿತು. ಅದರ ಆಧಾರದಲ್ಲಿ 2024ರ ಮೇ ತಿಂಗಳಲ್ಲಿ ಸರಕಾರ ಮೂರು ವರ್ಷದ ಪದವಿಗೆ ಮರಳಿತು. ಅದಕ್ಕೂ ಮೊದಲು, 2021ರಿಂದ 2023ರವರೆಗೆ ಸೇರಿದವರು ಬಯಸಿದರೆ ನಾಲ್ಕನೇ ವರ್ಷ ಓದಬಹುದು ಎಂದಿತು. 2023ರಲ್ಲಿ ಸೇರಿದವರು ಈ ವರ್ಷ ಆರನೇ ಸೆಮಿಸ್ಟರ್ ಮುಗಿಸುತ್ತಿದ್ದಾರೆ. ಹುಡುಗಿ ಹೇಳಿದ ‘ಕೊನೆಯ ಬ್ಯಾಚ್’ ಇದುವೇ.

ಇನ್ನು ಗಡಿಯ ಆಚೆ ನೋಡಿ. ಕೇರಳ 2024ರ ಜುಲೈಯಿಂದ ತನ್ನ ವಿಶ್ವವಿದ್ಯಾನಿಲಯಗಳಲ್ಲಿ ನಾಲ್ಕು ವರ್ಷದ ಪದವಿ ಶುರು ಮಾಡಿದೆ. ನಮ್ಮ ಎಷ್ಟೋ ಕುಟುಂಬಗಳಲ್ಲಿ ಅಣ್ಣನ ಮನೆ ಉಳ್ಳಾಲದಲ್ಲಿ, ತಂಗಿಯ ಮನೆ ಮಂಜೇಶ್ವರದಲ್ಲಿ. ಕಾಸರಗೋಡಿನ ಸರಕಾರಿ ಕಾಲೇಜಿಗೆ ಹೋಗುವ ತಂಗಿಯ ಮಗನಿಗೆ ನಾಲ್ಕನೇ ವರ್ಷದ ಬಾಗಿಲು ತೆರೆದಿದೆ, ಮಂಗಳೂರಿಗೆ ಹೋಗುವ ಅಣ್ಣನ ಮಗಳಿಗೆ ಮುಚ್ಚುತ್ತಿದೆ. ಒಂದೇ ಕುಟುಂಬದ ಇಬ್ಬರು ಮಕ್ಕಳಿಗೆ ಎರಡು ಲೆಕ್ಕ.

ಮೂರು ವರ್ಷ ಸಾಕು ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಬಡವರ ಮಕ್ಕಳಿಗೆ ಒಂದು ವರ್ಷ ಹೆಚ್ಚು ಎಂದರೆ ಒಂದು ವರ್ಷದ ಫೀಸು, ಬಸ್ಸು, ಒಂದು ವರ್ಷದ ದುಡಿಮೆಯ ನಷ್ಟ. ನಾಲ್ಕನೇ ವರ್ಷಕ್ಕೆ ಬೇಕಾದ ಪ್ರಯೋಗಾಲಯ, ಪಿಎಚ್‌ಡಿ ಮಾಡಿಸಬಲ್ಲ ಅಧ್ಯಾಪಕರು ಎಷ್ಟೋ ಕಾಲೇಜುಗಳಲ್ಲಿ ಇಲ್ಲ. ಅದೆಲ್ಲ ನಿಜವೇ. ಆದರೆ ನಾಲ್ಕನೇ ವರ್ಷ ತೆಗೆದ ಮೇಲೆ, ಪದವಿಯಲ್ಲೇ ಸಂಶೋಧನೆಯ ರುಚಿ ನೋಡಬೇಕೆನ್ನುವ ಮಕ್ಕಳಿಗೆ ಅದರ ಬದಲು ಏನು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಎರಡು ಪಕ್ಷಗಳೂ ವರ್ಷದ ಲೆಕ್ಕದಲ್ಲಿ ಜಗಳವಾಡಿದವು, ಪ್ರಯೋಗಾಲಯದ ಲೆಕ್ಕ ಯಾರೂ ಕೇಳಲಿಲ್ಲ.

ಲೇಸರ್ ಎಂದರೆ ಎಂತದು?

ಉಪನ್ಯಾಸಕರೊಬ್ಬರು ನಮಗೆ ವಿವರಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಮನೆಯ ಬಲ್ಬಿನ ಬೆಳಕು ಸಂತೆ ಬಿಟ್ಟ ಜನರ ಹಾಗೆ. ಒಬ್ಬರು ಅತ್ತ, ಒಬ್ಬರು ಇತ್ತ, ಒಬ್ಬರ ಹೆಜ್ಜೆಗೂ ಇನ್ನೊಬ್ಬರ ಹೆಜ್ಜೆಗೂ ಸಂಬಂಧ ಇಲ್ಲ. ಲೇಸರ್ ಬೆಳಕು ನಮಾಝಿನ ಸಫ್ ಹಾಗೆ. ಭುಜಕ್ಕೆ ಭುಜ ತಾಗಿಸಿ ನಿಂತವರು ಒಂದು ತಕ್ಬೀರ್‌ಗೆ ಒಟ್ಟಿಗೇ ಬಾಗುತ್ತಾರೆ. ಲೇಸರ್‌ನಲ್ಲಿ ಬೆಳಕಿನ ಒಂದು ಕಣ, ಶಕ್ತಿ ತುಂಬಿಕೊಂಡು ಕಾಯುತ್ತಿರುವ ಪರಮಾಣುವಿನ ಬಳಿ ಹಾದುಹೋದಾಗ ಆ ಪರಮಾಣು ತದ್ರೂಪಿ ಇನ್ನೊಂದು ಕಣವನ್ನು ಬಿಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಎರಡು ಕನ್ನಡಿಗಳ ನಡುವೆ ಹೋಗಿ ಬಂದು ಒಂದೇ ಬಣ್ಣದ, ಒಂದೇ ದಿಕ್ಕಿನ, ಒಂದೇ ತಾಳದ ಕಿರಣವಾಗಿ ಹೊರಬರುತ್ತದೆ.

ಇದು ಹೀಗೆ ಆಗಬಹುದು ಎಂದು ಐನ್‌ಸ್ಟೈನ್ 1917ರಲ್ಲೇ ಲೆಕ್ಕ ಹಾಕಿದ್ದರು. ಅಮೆರಿಕದ ಥಿಯೊಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ್ದು 1960ರ ಮೇ 16ರಂದು. ಆ ದಿನವನ್ನೇ ಯುನೆಸ್ಕೋ ಈಗ ಅಂತರ್‌ರಾಷ್ಟ್ರೀಯ ಬೆಳಕಿನ ದಿನವಾಗಿ ಆಚರಿಸುತ್ತದೆ.

ಇದೆಲ್ಲ ನಮಗೆ ದೂರದ ವಿಷಯ ಎಂದು ತಿಳಿಯಬೇಡಿ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಯ ರಕ್ತನಾಳಗಳು ಹಾಳಾದಾಗ ಡಾಕ್ಟರು ‘ಲೇಸರ್ ಕೊಡಬೇಕು’ ಎನ್ನುತ್ತಾರೆ. ದುಬೈಯಿಂದ ಮಗ ಮಾಡುವ ವೀಡಿಯೊ ಕಾಲ್, ಸಮುದ್ರದ ತಳದಲ್ಲಿ ಹಾಸಿದ ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ನೂಲಿನೊಳಗೆ ಲೇಸರ್ ಬೆಳಕಾಗಿ ಬರುತ್ತದೆ. ಮದುವೆಗೆ ಕೊಳ್ಳುವ ಬಂಗಾರದ ಮೇಲೆ ಈಗ ಕಡ್ಡಾಯವಾಗಿರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತನ್ನು ಕೊರೆಯುವುದೂ ಲೇಸರ್. ಬಂಗಾರ ಅಸಲಿ ಎಂದು ನಂಬಲು ನಮಗೆ ಲೇಸರ್ ಗುರುತು ಬೇಕು. ಆ ವಿದ್ಯೆ ಕಲಿಯುತ್ತೇನೆ ಎಂದ ಮಗಳಿಗೆ ಮಾತ್ರ ‘ಅದರಿಂದ ಎಂತ ಪ್ರಯೋಜನ’ ಎಂದು ಕೇಳುತ್ತೇವೆ.

ಹೆಸರು ಹೇಳಿದರೆ ಸಾಕೇ?

ನಮ್ಮ ಸಮ್ಮೇಳನಗಳಲ್ಲಿ ಇಬ್ನುಲ್ ಹೈಥಮ್‌ರ ಹೆಸರು ಹೇಳದ ಭಾಷಣ ಕಡಿಮೆ. ಬಸ್ರಾದಲ್ಲಿ ಹುಟ್ಟಿ, ಸಾವಿರ ವರ್ಷಗಳ ಹಿಂದೆ ಕೈರೋದಲ್ಲಿ ‘ಕಿತಾಬುಲ್ ಮನಾಝಿರ್’ ಬರೆದವರು ಅವರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ನಂಬಿಕೆಯನ್ನು ಅವರು ಒಪ್ಪಲಿಲ್ಲ. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದಲೇ ನಮಗೆ ಕಾಣುತ್ತದೆ ಎಂದು ತೋರಿಸಿದರು. ಕತ್ತಲ ಕೋಣೆ, ಸಣ್ಣ ರಂಧ್ರ, ದೀಪಗಳನ್ನು ಇಟ್ಟುಕೊಂಡು ಪರೀಕ್ಷೆ ಮಾಡಿಯೇ ಹೇಳಿದರು. ನಾವು ಚಪ್ಪಾಳೆ ತಟ್ಟುವುದು ಅವರ ಹೆಸರಿಗೆ, ಕಲಿಯಬೇಕಾದದ್ದು ಅವರ ಆ ಅಭ್ಯಾಸ. ದೊಡ್ಡವರು ಹೇಳಿದ್ದಾರೆ ಎಂದು ಸುಮ್ಮನಾಗದೆ ಪರೀಕ್ಷಿಸಿ ನೋಡುವ ಕೆಲಸಕ್ಕೇ ಈಗ ಸಂಶೋಧನೆ ಎನ್ನುವುದು.

ಇನ್ನೂ ಹತ್ತಿರದ ಉದಾಹರಣೆಗಳಿವೆ. ಕಾಲೇಜುಗಳ ಭೌತಶಾಸ್ತ್ರ ಲ್ಯಾಬ್‌ಗಳಲ್ಲಿ ಕಾಣುವ ಕೆಂಪು ಕಿರಣದ ಹೀಲಿಯಂ-ನಿಯಾನ್ ಲೇಸರ್ ಇದೆಯಲ್ಲ, ಆ ಬಗೆಯ ಅನಿಲ ಲೇಸರನ್ನು ಮೊದಲು ಯೋಚಿಸಿ, 1960ರ ಡಿಸೆಂಬರ್‌ನಲ್ಲಿ ಸಹೋದ್ಯೋಗಿಗಳ ಜೊತೆ ಸೇರಿ ನಡೆಸಿ ತೋರಿಸಿದವರು ಟೆಹ್ರಾನ್‌ನಲ್ಲಿ ಹುಟ್ಟಿದ ಅಲಿ ಜವಾನ್. ಈಜಿಪ್ಟ್‌ನ ದಮನ್‌ಹೂರ್‌ನಲ್ಲಿ ಹುಟ್ಟಿ ಅಲೆಕ್ಸಾಂಡ್ರಿಯಾದಲ್ಲಿ ಪದವಿ ಕಲಿತ ಅಹ್ಮದ್ ಝೆವೈಲ್, ಲೇಸರ್ ಮಿಂಚುಗಳಿಂದ ರಾಸಾಯನಿಕ ಕ್ರಿಯೆಗಳನ್ನು ನಡೆಯುತ್ತಿರುವಾಗಲೇ ನೋಡಿ 1999ರ ನೊಬೆಲ್ ಪಡೆದರು. ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸ ಎನ್ನುವವರಿಗೆ ಇನ್ನೆರಡು ಹೆಸರು. ಕೆನಡಾದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ 2018ರಲ್ಲಿ ನೊಬೆಲ್ ಪಡೆದದ್ದು ತಾನು ಪಿಎಚ್‌ಡಿ ವಿದ್ಯಾರ್ಥಿನಿಯಾಗಿ ಮಾಡಿದ ಲೇಸರ್ ಕೆಲಸಕ್ಕೆ. ಸ್ವೀಡನ್‌ನ ಲುಂಡ್ ವಿಶ್ವವಿದ್ಯಾನಿಲಯದ ಆನ್ ಲುಲಿಯೇಗೆ 2023ರಲ್ಲಿ ನೊಬೆಲ್ ಸುದ್ದಿಯ ಫೋನ್ ಬಂದಾಗ ಅವರು ತರಗತಿ ನಡೆಸುತ್ತಿದ್ದರು. ಸುದ್ದಿ ಕೇಳಿ ಮತ್ತೆ ತರಗತಿಗೆ ಹೋಗಿ ಪಾಠ ಮುಗಿಸಿದರು.

ನಾಲ್ಕನೇ ವರ್ಷದಲ್ಲಿ ಏನು ಕಲಿಸುತ್ತಾರೆ?

ಮೊದಲ ಮೂರು ವರ್ಷಗಳಲ್ಲಿ ಬೆಳಕಿನ ಅಲೆಗಳು, ಅವು ಸೇರುವುದು, ಬಾಗುವುದು, ಲೇಸರ್ ಕೆಲಸ ಮಾಡುವ ಬಗೆ, ಆಪ್ಟಿಕಲ್ ಫೈಬರ್ ಇವೆಲ್ಲ ಪುಸ್ತಕದಲ್ಲೂ ಲ್ಯಾಬ್‌ನಲ್ಲೂ ಬರುತ್ತವೆ. ಆದರೆ ಆ ಲ್ಯಾಬ್ ಪ್ರಯೋಗಗಳ ಉತ್ತರ ಮೊದಲೇ ಗೊತ್ತಿರುವಂಥದ್ದು. ಬರದಿದ್ದರೆ ಗೆಳತಿಯ ರೆಕಾರ್ಡ್ ನೋಡಿ ಬರೆದರೂ ನಡೆಯುತ್ತದೆ.

ಸಂಶೋಧನೆಯ ವರ್ಷದಲ್ಲಿ ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ಕಲಬೆರಕೆ ತೆಂಗಿನೆಣ್ಣೆಯನ್ನು ಫೈಬರ್ ತುದಿಯ ಬೆಳಕಿನಿಂದ ಗುರುತಿಸಬಹುದೇ? ಹೊಸದಾಗಿ ಬೆಳೆಸಿದ ಒಂದು ಹರಳು ಲೇಸರ್‌ನ ಬಣ್ಣ ಬದಲಿಸುತ್ತದೆಯೇ? ಇಂಥದ್ದೊಂದು ಸಣ್ಣ ಪ್ರಶ್ನೆ ಹಿಡಿದು, ಬೇರೆಯವರು ಮಾಡಿದ್ದನ್ನು ಓದಿ, ಕನ್ನಡಿ ಮಸೂರಗಳನ್ನು ಮಿಲಿಮೀಟರ್‌ಗಿಂತ ಕಡಿಮೆ ಅಂತರದಲ್ಲಿ ಸರಿಹೊಂದಿಸಿ, ದಿನಗಟ್ಟಲೆ ಅಳತೆ ತೆಗೆದು, ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ, ಕೊನೆಗೆ ಪ್ರಬಂಧ ಬರೆಯಬೇಕು. ಯುಜಿಸಿ ಚೌಕಟ್ಟಿನಲ್ಲಿ ನಾಲ್ಕು ವರ್ಷದ ಒಟ್ಟು 160 ಕ್ರೆಡಿಟ್‌ಗಳಲ್ಲಿ 12 ಈ ಕೆಲಸಕ್ಕೆಂದೇ ಇವೆ.

ಅಂದರೆ ನಾಲ್ಕನೇ ವರ್ಷದ ಬೆಲೆ ಇರುವುದು ಲ್ಯಾಬ್‌ನಲ್ಲಿ, ಮಾರ್ಗದರ್ಶಕರಲ್ಲಿ. ಅವೆರಡೂ ಇಲ್ಲದ ಕಡೆ ನಾಲ್ಕನೇ ವರ್ಷ ಬರೀ ಒಂದು ವರ್ಷ. ನಮ್ಮ ಹುಡುಗಿಯ ಕಾಲೇಜಿನಲ್ಲಿ ವಿಚಾರಿಸಿದಾಗ ತಿಳಿದದ್ದೂ ಅದೇ. ನಾಲ್ಕನೇ ವರ್ಷ ಕಾಗದದಲ್ಲಿದೆ, ಭೌತಶಾಸ್ತ್ರಕ್ಕೆ ಸಂಶೋಧನೆ ಮಾಡಿಸುವವರು ಅಲ್ಲಿಲ್ಲ.

ದಾರಿಗಳ ಲೆಕ್ಕ

ಇಲ್ಲಿ ಒಂದು ಸರಳ ಲೆಕ್ಕ ನೋಡಿ. ಮೂರು ವರ್ಷದ ಪದವಿ, ಎರಡು ವರ್ಷದ ಎಂಎಸ್ಸಿ, ಒಟ್ಟು ಐದು. ನಾಲ್ಕು ವರ್ಷದ ಆನರ್ಸ್, ಒಂದು ವರ್ಷದ ಎಂಎಸ್ಸಿ, ಅದೂ ಐದು. ‘ನಾಲ್ಕನೇ ವರ್ಷ ತಪ್ಪಿದರೆ ಎಲ್ಲ ಮುಗಿಯಿತು’ ಎಂದು ಅಳುವ ಮಕ್ಕಳೂ, ‘ಒಂದು ವರ್ಷ ವೇಸ್ಟ್’ ಎನ್ನುವ ಹೆತ್ತವರೂ ಈ ಲೆಕ್ಕ ನೋಡಬೇಕು. ಒಂದು ವರ್ಷದ ಎಂಎಸ್ಸಿ ಎಲ್ಲ ಕಡೆ ಇಲ್ಲ, ಆದ್ದರಿಂದ ಆನರ್ಸ್ ಸೇರುವ ಮೊದಲೇ ಮುಂದೆ ಎಲ್ಲಿಗೆ ಎಂದು ವಿಚಾರಿಸಿಕೊಳ್ಳಬೇಕು. ಅಮೆರಿಕದಂಥ ದೇಶಕ್ಕೆ ಹೋಗುವ ಆಸೆಯಿದ್ದರೆ ನಾಲ್ಕನೇ ವರ್ಷ ನೆರವಿಗೆ ಬರುತ್ತದೆ. ಅಲ್ಲಿನ ಹಲವು ವಿಶ್ವವಿದ್ಯಾನಿಲಯಗಳು ಒಟ್ಟು 16 ವರ್ಷದ ಓದು ಕೇಳುತ್ತವೆ.

ಪದವಿ ಮುಗಿಸಿದವರಿಗೆ ಹತ್ತಿರದಲ್ಲೇ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯವಿದೆ. ಅಲ್ಲಿನ ಭೌತಶಾಸ್ತ್ರ ವಿಭಾಗದಲ್ಲಿ ಲೇಸರ್ ಬೆಳಕಿಗೆ ಸ್ಪಂದಿಸುವ ಹರಳು, ವಸ್ತುಗಳ ಮೇಲೆ ಸಂಶೋಧನೆ ನಡೆದಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಭೌತಶಾಸ್ತ್ರದ ಎಂಎಸ್ಸಿ ಇದೆ, ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲೂ ಇದೆ. ಮಣಿಪಾಲದಲ್ಲಿ ಕ್ಯಾನ್ಸರ್‌ನಂಥ ಕಾಯಿಲೆಯನ್ನು ಬೆಳಕಿನಿಂದ ಪತ್ತೆ ಮಾಡುವ ಬಗ್ಗೆ ವರ್ಷಗಳಿಂದ ಕೆಲಸ ನಡೆಯುತ್ತಿದೆ. ಅದು ಖಾಸಗಿ ಸಂಸ್ಥೆ, ಫೀಸು ಮೊದಲೇ ಕೇಳಿಕೊಳ್ಳಿ.

ಪಿಯುಸಿಯಲ್ಲಿರುವ ಮಕ್ಕಳಿಗೆ ದಾರಿ ಇನ್ನೂ ಅಗಲ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ತಲುಪುವ ಕೊಚ್ಚಿಯ ಕುಸಾಟ್‌ನಲ್ಲಿ ಇಂಟರ್‌ನ್ಯಾಶನಲ್ ಸ್ಕೂಲ್ ಆಫ್ ಫೋಟೋನಿಕ್ಸ್ ಇದೆ. ಬೆಳಕಿನ ವಿದ್ಯೆಗೆಂದೇ ಐದು ವರ್ಷದ ಎಂಎಸ್ಸಿ ಅಲ್ಲಿದೆ, ಪಿಯುಸಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಬೆಂಗಳೂರಿನ ಐಐಎಸ್ಸಿಯಲ್ಲಿ 2011ರಿಂದಲೇ ನಾಲ್ಕು ವರ್ಷದ ಸಂಶೋಧನಾ ಪದವಿ ನಡೆಯುತ್ತಿದೆ. ತಿರುವನಂತಪುರ, ಪುಣೆ ಮೊದಲಾದ ಕಡೆ ಇರುವ ಐಸರ್‌ಗಳಲ್ಲಿ ಐದು ವರ್ಷದ ಬಿಎಸ್-ಎಂಎಸ್ ಇದೆ. ರಾಜ್ಯ ಸರಕಾರ ಮೂರು ಎನ್ನಲಿ, ನಾಲ್ಕು ಎನ್ನಲಿ, ಇವು ಬದಲಾಗುವುದಿಲ್ಲ. ನಮ್ಮ ಮಕ್ಕಳು ನೀಟ್, ಸಿಇಟಿ ಅರ್ಜಿ ತುಂಬುವ ಹೊತ್ತಿಗೆ ಇವುಗಳ ಅರ್ಜಿಯನ್ನೂ ತುಂಬಿದರೆ ನಷ್ಟವೇನೂ ಇಲ್ಲ. ಎಷ್ಟೋ ಮನೆಗಳಿಗೆ ಈ ಹೆಸರುಗಳೇ ತಲುಪಿಲ್ಲ, ತೊಂದರೆ ಅಲ್ಲಿದೆ.

ಈಗ ಮೂರು ವರ್ಷದ ಪದವಿಯಲ್ಲಿರುವವರೂ ಸುಮ್ಮನಿರಬೇಕಿಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪ್ರತಿ ವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದರೆ ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ವಿಜ್ಞಾನಿಯೊಬ್ಬರ ಜೊತೆ ಕೆಲಸ, ಭತ್ತೆಯೂ ಸಿಗುತ್ತದೆ.

ಕೆಲಸ, ದುಡ್ಡು

ಆ ತಂದೆಯ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಬಿಎಸ್ಸಿ ಆನರ್ಸ್ ಮುಗಿದ ಮರುದಿನ ಲೇಸರ್ ಕೆಲಸ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ಎಂಎಸ್ಸಿ, ಪಿಎಚ್‌ಡಿವರೆಗೆ ತಾಳ್ಮೆ ಬೇಡುವ ದಾರಿ. ಆದರೆ ಪಿಎಚ್‌ಡಿ ಹಂತದಲ್ಲಿ ಮನೆಯಿಂದ ದುಡ್ಡು ಹಾಕಬೇಕಿಲ್ಲ. ಜೆಆರ್‌ಎಫ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ನಮ್ಮ ಮಕ್ಕಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ಫೆಲೋಶಿಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿದ್ದು ದೊಡ್ಡ ಪೆಟ್ಟು. ಅದನ್ನು ಮತ್ತೆ ಕೇಳುವುದು ನಮ್ಮ ಹಕ್ಕು. ಅಲ್ಲಿಯವರೆಗೆ ನೆಟ್, ಜೆಆರ್‌ಎಫ್‌ಗೆ ತಯಾರಿ ಮಾಡದೆ ಬೇರೆ ದಾರಿ ಇಲ್ಲ.

ಕೆಲಸ ಎಲ್ಲಿದೆ? ಲೇಸರ್ ಸಂಶೋಧನೆಗೆಂದೇ ಪರಮಾಣು ಶಕ್ತಿ ಇಲಾಖೆಯ ಆರ್‌ಆರ್‌ಕ್ಯಾಟ್ ಸಂಸ್ಥೆ ಇಂದೋರ್‌ನಲ್ಲಿದೆ. ಬೆಂಗಳೂರಿನಲ್ಲಿ ಉಪಗ್ರಹಗಳ ಬೆಳಕಿನ ಉಪಕರಣ ಮಾಡುವ ಇಸ್ರೋದ ಘಟಕವಿದೆ. ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಎರಡು ದೊಡ್ಡ ಯೋಜನೆಗಳಿಗೆ ಒಪ್ಪಿಗೆ ಕೊಟ್ಟಿತು. ಒಂದು, 6,003 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್. ಇನ್ನೊಂದು, ಮಹಾರಾಷ್ಟ್ರದ ಹಿಂಗೋಲಿಯಲ್ಲಿ 2,600 ಕೋಟಿಯ ಲೈಗೋ. ನಾಲ್ಕು ಕಿಲೋಮೀಟರ್ ಉದ್ದದ ಎರಡು ಕೊಳವೆಗಳಲ್ಲಿ ಲೇಸರ್ ಹರಿಸಿ ಆಕಾಶದ ಗುರುತ್ವದ ಅಲೆಗಳನ್ನು ಅಳೆಯುವ ಯಂತ್ರ ಅದು. ಎರಡಕ್ಕೂ ಬೆಳಕಿನ ವಿದ್ಯೆ ಬಲ್ಲವರು ಬೇಕು.

ಗಲ್ಫ್ ಎಂದರೆ ನಮಗೆ ಅಂಗಡಿ, ಆಫೀಸು, ಕಟ್ಟಡ ಮಾತ್ರ ನೆನಪಾಗುತ್ತದೆ. ಸೌದಿಯ ತುವಲ್‌ನಲ್ಲಿ 2009ರಲ್ಲಿ ಆರಂಭವಾದ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾನಿಲಯ ಇದೆ. ಲೇಸರ್, ಫೋಟೋನಿಕ್ಸ್ ಸಂಶೋಧನೆ ಅಲ್ಲಿ ನಡೆಯುತ್ತದೆ. ಪ್ರವೇಶ ಸಿಕ್ಕ ಉನ್ನತ ವ್ಯಾಸಂಗದ ವಿದ್ಯಾರ್ಥಿಗಳಿಗೆ, ಗಂಡಾಗಲಿ ಹೆಣ್ಣಾಗಲಿ, ಫೀಸು ಇಲ್ಲ, ಮೇಲಿಂದ ಫೆಲೋಶಿಪ್. ಉಮ್ರಾಕ್ಕೆ ಜಿದ್ದಾದಲ್ಲಿ ಇಳಿದ ನಮ್ಮ ಎಷ್ಟು ಮಂದಿಗೆ, ಅಲ್ಲಿಂದ ಉತ್ತರಕ್ಕೆ ಅದೇ ಕರಾವಳಿಯಲ್ಲಿ ಇಂಥದ್ದೊಂದು ಜಾಗ ಇದೆ ಎಂದು ಗೊತ್ತು?

ನಾವು ಮಾಡಬಹುದಾದದ್ದು

ಸೇರುವ ಮೊದಲು ಕಾಲೇಜಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ಸಂಶೋಧನೆಗೆ ಮಾರ್ಗದರ್ಶಕರು ಯಾರು, ಅವರಿಗೆ ಪಿಎಚ್‌ಡಿ ಇದೆಯೇ? ಲೇಸರ್, ಸ್ಪೆಕ್ಟ್ರೋಮೀಟರ್ ಇರುವ ಲ್ಯಾಬ್ ಇದೆಯೇ, ಅಥವಾ ಬೇರೆ ಸಂಸ್ಥೆಯ ಲ್ಯಾಬ್‌ಗೆ ಕಳಿಸುತ್ತಾರೆಯೇ? ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ? ಒಟ್ಟು ಖರ್ಚು ಎಷ್ಟು? ಉತ್ತರ ಸಮಾಧಾನ ತಂದರೆ ನಾಲ್ಕನೇ ವರ್ಷ ಸೇರಲಿ. ಇಲ್ಲವಾದರೆ ಮೂರಕ್ಕೆ ಮುಗಿಸಿ, ಒಳ್ಳೆಯ ಲ್ಯಾಬ್ ಇರುವ ಕಡೆ ಎಂಎಸ್ಸಿ ಸೇರಲಿ.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಎಸೆಸೆಲ್ಸಿ, ಪಿಯುಸಿಯಲ್ಲಿ ರ‍್ಯಾಂಕ್ ಬಂದವರಿಗೆ ಶಾಲು, ಸ್ಮರಣಿಕೆ ಕೊಡುತ್ತೇವೆ, ಒಳ್ಳೆಯದೇ. ಅದೇ ದುಡ್ಡಿನಲ್ಲಿ ಪ್ರವೇಶ ಪರೀಕ್ಷೆಗಳ ಅರ್ಜಿ ಶುಲ್ಕ, ಬರೆಯಲು ಹೋಗುವ ರೈಲು ಖರ್ಚು ಕೊಟ್ಟರೆ ಇನ್ನೂ ಹತ್ತು ಮಕ್ಕಳಿಗೆ ಆಗುತ್ತದೆ. ಅಂಥ ಸಂಸ್ಥೆಗಳಲ್ಲಿ ಈಗಾಗಲೇ ಓದುತ್ತಿರುವ ನಮ್ಮ ಮಕ್ಕಳು ಇದ್ದರೆ ರಜೆಯಲ್ಲಿ ಊರಿಗೆ ಬಂದಾಗ ಮದ್ರಸದ ಹಾಲ್‌ನಲ್ಲಿ ಕೂರಿಸಿ ಮಾತನಾಡಿಸಿ.

ವಾರ ಕಳೆದು ಆ ತಂದೆಯನ್ನು ಕರೆಸಿ ಇಷ್ಟನ್ನೂ ಹೇಳಿದೆವು. ‘ಆ ಕಾಲೇಜಿನಲ್ಲಿ ನಾಲ್ಕನೇ ವರ್ಷ ಬೇಡ. ಎಂಎಸ್ಸಿಗೆ ಅರ್ಜಿ ಹಾಕಲಿ. ಎರಡು ವರ್ಷ ಕೊಡಿ’ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಎರಡು ವರ್ಷ ಅಂದ್ರೆ ಇವಳಿಗೆ ಇಪ್ಪತ್ಮೂರು ಆಗ್ತದೆ ಉಸ್ತಾದರೇ’ ಎಂದರು. ಆಗುತ್ತದೆ, ನಿಜ. ಕಲಿಯದೆ ಕೂತರೂ ಎರಡು ವರ್ಷದಲ್ಲಿ ಇಪ್ಪತ್ಮೂರೇ ಆಗುತ್ತದೆ ಎಂದು ನಾವು ಹೇಳಿದೆವು.

ಅವರು ಇನ್ನೂ ಪೂರ್ತಿ ಒಪ್ಪಿಲ್ಲ. ಕೇಳಿಕೊಂಡು ಬಂದವರಿಗೆ ಮಾತ್ರ ಪರೀಕ್ಷೆ ಮುಗಿಯಲಿ ಎಂದು ಉತ್ತರ ಕೊಟ್ಟಿದ್ದಾರಂತೆ. ಹುಡುಗಿ ಕೊಣಾಜೆಯ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ವಿಚಾರಿಸುತ್ತಿದ್ದಾಳೆ.